ಮುಂದಿಟ್ಟ ಗಡಿಯಾರ

ದುಪ್ಪಟಿಯ ಒಂದು ತುದಿಯನ್ನು ನಲ್ಲಿಯ ಕುತ್ತಿಗೆಗೆ ಸಿಕ್ಕಿಸಿ, ಇನ್ನೊಂದು ತುದಿ ಹಿಡಿದು ತಿರುಚುತ್ತಾ ತಿರುಚುತ್ತಾ ಹಿಂದಕ್ಕೆ ಬರುತ್ತಿದ್ದ ಹೊಲಿಗೆಯವಳ ಬೆನ್ನಿಗೆ ಏನೋ ತಗುಲಿತು. ತಿರುಗಿ ನೋಡಿದರೆ ಬೆತ್ತದ ಬುಟ್ಟಿ. ಬುಟ್ಟಿಯ ಹಿಂದೆ ಕೆಳಗಿನ ಮನೆಯ ಸಿಗ್ನಲ್ ಅಜ್ಜಿ. ಹೊಲಿಗೆಯವಳ ಕೈ ಸಡಿಲವಾಯಿತು. ಬಿಗಿದಿದ್ದ ದುಪ್ಪಟಿ ಗರಗರನೆ ಬಿಚ್ಚಿಕೊಂಡು ಇಬ್ಬರ ಮುಖಕ್ಕೂ ನೀರು ಚಿಮುಕಿಸಿತು.

"ಐದೇ ನಿಮಿಷ, ಅಜ್ಜಿ. ಆಗೋಯ್ತು," ಎಂದಳು ಹೊಲಿಗೆಯವಳು.

ಅಜ್ಜಿ ಕನ್ನಡಕ ತೆಗೆದು ಒರೆಸಿಕೊಂಡರು. "ಯಾರ ಐದು ನಿಮಿಷ? ನಿಮ್ಮದೋ, ನಮ್ಮದೋ?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಹೊಲಿಗೆಯವಳಿಗೆ ಕಷ್ಟವಾಗುತ್ತಿದ್ದುದೇ ಅದು. ಸಿಟ್ಟಿದ್ದರೆ ಸಮಾಧಾನ ಮಾಡಬಹುದು, ಕೈ ಹಿಡಿದು ನಾಲ್ಕು ಮಾತಾಡಿ ನಗಿಸಬಹುದು. ಈ ಊರಿನವರು ತಡ ಮಾಡಿದವರ ಮೇಲೆ ರೇಗುವುದಿಲ್ಲ. ಸುಮ್ಮನೆ ನಿಂತು ಕಾಯುತ್ತಾರೆ. ಆ ಸುಮ್ಮನೆ ನಿಲ್ಲುವುದು ಬೈಗುಳಕ್ಕಿಂತ ಜೋರಾಗಿ ಕೇಳಿಸುತ್ತದೆ.

ಆ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲ ಮನೆಗಳಿಗೂ ಸೇರಿ ಒಂದೇ ಒಗೆಯುವ ಕೋಣೆ. ಒಂದು ಯಂತ್ರ, ಎರಡು ಕಲ್ಲಿನ ತೊಟ್ಟಿ, ಒಣಗಿಸಲು ಗೋಡೆಯಿಂದ ಗೋಡೆಗೆ ಹಗ್ಗ. ಪ್ರತಿ ಮನೆಗೂ ಒಂದೊಂದು ಸರದಿ. ಒಬ್ಬರ ಸರದಿ ಮುಗಿಯುವ ಹೊತ್ತಿಗೆ ಇನ್ನೊಬ್ಬರು ಬುಟ್ಟಿ ಹಿಡಿದು ಬಾಗಿಲಲ್ಲಿ ಇರುತ್ತಾರೆ. ಹೊಲಿಗೆಯವಳ ಸರದಿಯ ಹಿಂದೆಯೇ ಸಿಗ್ನಲ್ ಅಜ್ಜಿಯ ಸರದಿ ಬಂದಿದ್ದು ಇಬ್ಬರ ಹಣೆಬರಹ.

ಅಜ್ಜಿ ಬುಟ್ಟಿ ಕೆಳಗಿಟ್ಟು ದುಪ್ಪಟಿಯ ಒಂದು ತುದಿ ತಾವೇ ಹಿಡಿದುಕೊಂಡರು. "ಹಿಂಡು, ನಿಂತ್ಕೊಂಡು ಏನ್ ನೋಡ್ತೀಯ," ಎಂದರು.

ಮೆಟ್ಟಿಲ ಮೇಲೆ ಹೊಲಿಗೆಯವಳ ಮಗಳು ಶಾಲೆಯ ಚೀಲ ಬೆನ್ನಿಗೇರಿಸಿ ನಿಂತಿದ್ದಳು. ಎಂಟು ವರ್ಷದ ಹುಡುಗಿ. ಚಿಕ್ಕದಾಗಿದ್ದರೂ ಚುರುಕು ಎಂದು ಅವಳ ಅಜ್ಜಿ, ಅಂದರೆ ಹೊಲಿಗೆಯವಳ ಅತ್ತೆ, ಮೆಣಸಿನಕಾಳು ಎಂದು ಕರೆಯಲು ಶುರುಮಾಡಿ, ಈಗ ಎಲ್ಲರ ಬಾಯಲ್ಲೂ ಕಾಳು. ಸಿಟ್ಟು ಬಂದ ದಿನ ಕಾಳಮ್ಮ.

"ಅಮ್ಮಾ…" ಎಂದಳು ಕಾಳು.

"ಬಂದೆ ಕಣೇ, ಬಂದೇಬಿಟ್ಟೆ," ಎಂದು ಹೊಲಿಗೆಯವಳು ಇನ್ನೊಂದು ಹೊದಿಕೆಗೆ ಕೈ ಹಾಕಿದಳು.

"ಬಿಡು ಅದನ್ನ," ಎಂದರು ಅಜ್ಜಿ. "ನಾನು ಹಗ್ಗಕ್ಕೆ ಹಾಕ್ತೀನಿ. ಮಗು ಕಾಯ್ತಿದೆ, ಹೋಗು."

ಹೊಲಿಗೆಯವಳು ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತಾ ಮೆಟ್ಟಿಲೇರಿದಳು. ಮಗಳು ಏನೋ ಹೇಳಲು ಬಾಯಿ ತೆರೆದು, ಅಮ್ಮ ಆಗಲೇ ಮುಂದಿನ ಮೆಟ್ಟಿಲಿನಲ್ಲಿದ್ದುದನ್ನು ಕಂಡು ಮುಚ್ಚಿಕೊಂಡಿದ್ದು ಅವಳಿಗೆ ಕಾಣಿಸಿತು. ಕಾಣಿಸಿದರೂ ಆಮೇಲೆ ಕೇಳಿದರಾಯಿತು ಎಂದುಕೊಂಡಳು.

ಅವಳಿಗೆ ಹೊತ್ತಿನ ಬಗ್ಗೆ ಅಸಡ್ಡೆ ಇತ್ತೆಂದಲ್ಲ. ಅವಳು ಬೆಳೆದ ಕಡೆ ಹೊತ್ತಿನ ಲೆಕ್ಕವೇ ಬೇರೆ. ಅಲ್ಲಿ ಸಂಜೆ ಬರುತ್ತೇನೆ ಎಂದರೆ ಮಧ್ಯಾಹ್ನದ ನಿದ್ದೆಯ ನಂತರ, ದೀಪ ಆರಿಸುವ ಮೊದಲು, ಯಾವಾಗಲಾದರೂ. ಬಂದೇಬಿಟ್ಟೆ ಎನ್ನುವವರು ಇನ್ನೂ ತಲೆ ಬಾಚುತ್ತಿರುತ್ತಾರೆ. ಕೇಳಿಸಿಕೊಂಡವರಿಗೂ ಅದು ಗೊತ್ತು, ಹಾಗಾಗಿ ಯಾರಿಗೂ ಮೋಸವಿಲ್ಲ. ಊಟಕ್ಕೆ ಕರೆದ ಮನೆಗೆ ಹೇಳಿದ ಹೊತ್ತಿಗೇ ಹೋದರೆ ಮನೆಯವಳು ಹಿಟ್ಟಿನ ಕೈಯಲ್ಲೇ ಬಾಗಿಲು ತೆಗೆದು ಮುಜುಗರಪಡಬೇಕು, ಆದ್ದರಿಂದ ತುಸು ತಡವಾಗಿ ಹೋಗುವುದೇ ಮರ್ಯಾದೆ. ದಾರಿಯಲ್ಲಿ ಯಾರಾದರೂ ಸಿಕ್ಕರೆ ನಿಂತು ಮಾತಾಡಬೇಕು. ಮಾತಾಡದೆ ಹೋದವರ ಬಗ್ಗೆ, ಏನೋ ಬಂದಿದೆ ಅವಳಿಗೆ, ಎಂದು ಊರು ಮಾತಾಡುತ್ತದೆ.

ಈ ಊರು ಹಾಗಲ್ಲ. ಇಲ್ಲಿಗೆ ಬಂದ ಹೊಸತರಲ್ಲಿ ಒಂದು ಸಂಜೆ ಅತ್ತೆ ಕಿಟಕಿಯಿಂದ ನೋಡಿದರೆ, ಬೀದಿಯ ಆಚೆ ಬದಿಯಲ್ಲಿ ಒಬ್ಬ ಗಂಡಸು ಹೂವಿನ ಗೊಂಚಲು ಹಿಡಿದು ಇವರ ಕಟ್ಟಡವನ್ನೇ ನೋಡುತ್ತಾ ನಿಂತಿದ್ದ. ಕಳ್ಳನೇ ಸರಿ ಎಂದು ಅತ್ತೆ ಮೂರೂ ಚಿಲಕ ಹಾಕಿ, ಲಟ್ಟಣಿಗೆ ಹಿಡಿದು ಬಾಗಿಲ ಹಿಂದೆ ಕೂತರು. ಆಮೇಲೆ ತಿಳಿಯಿತು: ಮೇಲಿನ ಮನೆಗೆ ಬಂದ ನೆಂಟ, ಹೇಳಿದ ಹೊತ್ತಿಗಿಂತ ಮುಂಚೆ ಬಂದುಬಿಟ್ಟಿದ್ದರಿಂದ, ಒಳಗಿನವರಿಗೆ ತೊಂದರೆಯಾಗದಿರಲೆಂದು ಹೊರಗೆ ನಿಂತಿದ್ದ. "ಹೂವು ಹಿಡ್ಕೊಂಡು ಯಾವ ಕಳ್ಳ ಬರ್ತಾನಮ್ಮ?" ಎಂದು ಗಂಡ ನಕ್ಕರೆ, "ಬಾಗಿಲಿಗೆ ಬಂದು ಬಾಗಿಲು ಬಡಿಯದವನು ಇನ್ನೇನು?" ಎಂದು ಅತ್ತೆ ಲಟ್ಟಣಿಗೆಯನ್ನು ಕೆಳಗಿಡಲಿಲ್ಲ.

ಅಂದು ಬೆಳಿಗ್ಗೆಯೂ ಶಾಲೆಯ ದಾರಿ ಎಂದಿನಂತೆಯೇ ಆಯಿತು. ಎರಡನೇ ಮಹಡಿಯ ಬಾಣಂತಿ ಬಾಗಿಲಲ್ಲಿ ನಿಂತಿದ್ದಳು, ರಾತ್ರಿಯೆಲ್ಲ ಕೂಸು ಅತ್ತಿದ್ದನ್ನು ಕೇಳಿಸಿಕೊಳ್ಳಬೇಕಾಯಿತು. ಬೀದಿ ಮೂಲೆಯಲ್ಲಿ ಹೂವಿನ ಅಂಗಡಿಯವಳ ಷಟರು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಅದು ದಿನವೂ ಸಿಕ್ಕಿಕೊಳ್ಳುತ್ತಿತ್ತು. ದಿನವೂ ಹೊಲಿಗೆಯವಳು ಚೀಲ ಕೆಳಗಿಟ್ಟು ಇನ್ನೊಂದು ತುದಿಗೆ ಭುಜ ಕೊಡುತ್ತಿದ್ದಳು. ಇಬ್ಬರೂ ಶಾಲೆ ತಲುಪಿದಾಗ ಅಂಗಳ ಖಾಲಿ, ಒಳಗಿನಿಂದ ಹಾಡು. ಗೇಟಿನವನು ಒಂದು ಮಾತೂ ಆಡದೆ ಪಕ್ಕದ ಚಿಕ್ಕ ಬಾಗಿಲು ತೆಗೆದ. ತಡವಾಗಿ ಬಂದ ಮಕ್ಕಳು ಹಾಡು ಮುಗಿಯುವವರೆಗೆ ತರಗತಿಯ ಹೊರಗಿನ ಬೆಂಚಿನಲ್ಲಿ ಕೂರಬೇಕು. ಕಾಳು ಸೀದಾ ಹೋಗಿ ಬೆಂಚಿನ ಎಡತುದಿಯಲ್ಲಿ ಕೂತಳು. ಕೂತ ರೀತಿ ನೋಡಿದರೆ ಅದು ಅವಳದೇ ಜಾಗ ಎಂದು ಯಾರಿಗಾದರೂ ತಿಳಿಯುತ್ತಿತ್ತು.

ಮನೆಗೆ ಮರಳಿದಾಗ ಸಿಗ್ನಲ್ ಅಜ್ಜಿ ಒಗೆಯುವ ಕೋಣೆಯಲ್ಲೇ ಇದ್ದರು. ತಮ್ಮ ಬಟ್ಟೆಯೂ ಮುಗಿದು, ಹೊಲಿಗೆಯವಳ ಬಟ್ಟೆಯೂ ಹಗ್ಗದ ಮೇಲಿತ್ತು, ಕಾಲುಚೀಲಗಳು ಜೋಡಿ ಜೋಡಿಯಾಗಿ. ಹೊಲಿಗೆಯವಳಿಗೆ ನಾಚಿಕೆಯಾಯಿತು.

"ಕೂತ್ಕೋ," ಎಂದರು ಅಜ್ಜಿ. ಕಲ್ಲಿನ ತೊಟ್ಟಿಯ ಅಂಚಿನಲ್ಲಿ ಇಬ್ಬರೂ ಕೂತರು. "ಗಂಟೆಯ ವಿಷಯ ಹೇಳಿದಳಾ ನಿನ್ನ ಮಗಳು?"

"ಯಾವ ಗಂಟೆ?"

ಅಜ್ಜಿ ತಮ್ಮ ಅಂಗೈಯನ್ನೇ ನೋಡಿಕೊಂಡರು. ನಲವತ್ತು ವರ್ಷ ರೈಲಿನ ಸಿಗ್ನಲ್ ಮನೆಯಲ್ಲಿ ಕಬ್ಬಿಣದ ಹಿಡಿಗಳನ್ನು ಎಳೆದ ಕೈ ಅದು. "ಹಾಗಾದ್ರೆ ಹೇಳಿಲ್ಲ. ಯಾರಿಗೂ ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೆ. ಈಗ ಮುರೀತಿದ್ದೀನಿ. ನನ್ನಿಂದ ಗೊತ್ತಾಯ್ತು ಅಂತ ಅವಳಿಗೆ ತಿಳೀಬಾರದು."

ಅಜ್ಜಿ ಹೇಳಿದ್ದು ಇಷ್ಟು. ಕಾಳುವಿನ ಶಾಲೆಯಲ್ಲಿ ಒಂದು ಹಿತ್ತಾಳೆಯ ಕೈಗಂಟೆ ಇದೆ. ಬೆಳಿಗ್ಗೆ ಅದನ್ನು ಬಾರಿಸುವುದು ಮಕ್ಕಳ ಕೆಲಸ, ಒಂದೊಂದು ವಾರ ಒಂದೊಂದು ಮಗುವಿನದು. ಆ ವಾರದ ಮಗು ಗೇಟು ತೆಗೆಯುವ ಮೊದಲೇ ಬಂದು ನಿಂತಿರಬೇಕು. ಗೇಟಿನವನ ಕೈಯಿಂದ ಗಂಟೆ ಇಸಿದುಕೊಂಡು ಅಂಗಳವನ್ನೆಲ್ಲ ಸುತ್ತಿ ಬಾರಿಸಬೇಕು. ಆ ಮಗು ಬಾರಿಸಿದ ಮೇಲೆಯೇ ಶಾಲೆ ಶುರು. ಮಗು ಬರದಿದ್ದರೆ ಗಂಟೆ ಮುಂದಿನ ಮಗುವಿಗೆ ಹೋಗುತ್ತದೆ. ಬೈಗುಳವಿಲ್ಲ, ಶಿಕ್ಷೆಯಿಲ್ಲ, ಹೋಗುತ್ತದೆ ಅಷ್ಟೆ. ಬರುವ ಸೋಮವಾರದಿಂದ ಕಾಳುವಿನ ವಾರ.

"ಹೋದ ವರ್ಷವೂ ಬಂದಿತ್ತಂತೆ," ಎಂದರು ಅಜ್ಜಿ. "ಮೊದಲನೇ ದಿನವೇ ಕೈತಪ್ಪಿತಂತೆ."

ಹೊಲಿಗೆಯವಳಿಗೆ ನೆನಪಾಯಿತು. ಹೋದ ವರ್ಷ ಒಂದು ದಿನ ಮಗಳು ಊಟ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹೊಟ್ಟೆನೋವಿರಬೇಕು ಎಂದು ಅವಳು ಬಿಸಿನೀರಿನ ಚೀಲ ಇಟ್ಟಿದ್ದಳು.

"ಆ ವಾರ ನೀವು ಕರ್ಕೊಂಡು ಹೋಗ್ತೀರಾ ಅಂತ ನನ್ನನ್ನ ಕೇಳಿದಳು. ಧಾರಾಳವಾಗಿ, ಆದ್ರೆ ಮೊದಲು ಅಮ್ಮನ್ನ ಕೇಳು ಅಂದೆ. ಆವಾಗಿಂದ ಕೇಳೋಕೆ ನೋಡ್ತಿದ್ದಾಳೆ. ನೀನು ಒಂದು ಕಡೆ ನಿಲ್ಲೋದೇ ಇಲ್ವಂತೆ."

"ನಾನೇ ಕೇಳ್ತೀನಿ ಇವತ್ತು."

"ಬೇಡ," ಎಂದರು ಅಜ್ಜಿ. "ನೀನು ಕೇಳಿದ್ರೆ ಪರವಾಗಿಲ್ಲ ಬಿಡಮ್ಮ ಅಂತಾಳೆ. ನಿನಗೆ ನೋವಾಗುತ್ತೆ ಅಂತ ಅಷ್ಟು ದಿನದಿಂದ ನುಂಗ್ಕೊಂಡಿರೋ ಮಗು. ಅದು ಅದರ ಬಾಯಿಂದಲೇ ಬರಲಿ. ಶುಕ್ರವಾರದ ತನಕ ನೋಡ್ತೀನಿ. ಆಗಲೂ ಕೇಳದಿದ್ರೆ, ಸೋಮವಾರ ನಾನೇ ಕರ್ಕೊಂಡು ಹೋಗ್ತೀನಿ. ಆ ಗಂಟೆ ಎರಡನೇ ಸಲ ಕೈತಪ್ಪಬಾರದು."

ಅಜ್ಜಿ ಕರೆದುಕೊಂಡು ಹೋದರೆ ಗಂಟೆ ಖಂಡಿತ ಕೈತಪ್ಪುತ್ತಿರಲಿಲ್ಲ. ಅದು ಹೊಲಿಗೆಯವಳಿಗೂ ಗೊತ್ತಿತ್ತು. ಆದರೆ ಮಗಳು ಈ ಒಂದು ವಿಷಯದಲ್ಲಿ ಅಮ್ಮನನ್ನು ನಂಬಲಾಗದು ಎಂದು ಒಳಗೊಳಗೇ ತೀರ್ಮಾನಿಸಿ, ಅದನ್ನು ಬಾಯಿಬಿಟ್ಟು ಹೇಳದೆ, ನಗುತ್ತಲೇ ದೊಡ್ಡವಳಾಗಿಬಿಡುತ್ತಾಳೆ ಎಂಬುದು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಅವಳಿಗೆ ಬೇಕಾಗಿದ್ದದ್ದು ಒಂದೇ. ಮಗಳು ತನ್ನನ್ನು ಕೇಳಬೇಕು.

"ನೀವೆಲ್ಲ ಅದು ಹೇಗೆ ಮಾಡ್ತೀರಿ, ಅಜ್ಜಿ?" ಎಂದು ಕೇಳಿದಳು. "ನಾನು ಬೇಗ ಏಳದೆ ಇಲ್ಲ. ಕೂತು ಕಾಲ ಕಳೆಯೋದೂ ಇಲ್ಲ."

ಅಜ್ಜಿಗೆ ಇಂಥದ್ದನ್ನು ವಿವರಿಸುವಾಗ ಕೈ ಆಡಿಸುವುದು ರೂಢಿ. ಗಾಳಿಯಲ್ಲೇ ಹಿಡಿ ಎಳೆಯುತ್ತಿದ್ದರು. ನೀನು ಮನೆಯಿಂದ ಹೊರಡುವ ಕಡೆಯಿಂದ ಎಣಿಸುತ್ತೀಯ, ಎಂದರು. ಸಿಗ್ನಲ್ ಮನೆಯಲ್ಲಿ ನಾವು ತಲುಪುವ ಕಡೆಯಿಂದ ಎಣಿಸುತ್ತಿದ್ದೆವು. ಮಗು ಗೇಟಿನ ಮುಂದೆ ನಿಂತಿದೆ ಎಂದುಕೋ. ಅಲ್ಲಿಂದ ಹಿಂದಕ್ಕೆ ಬಾ. ಅದಕ್ಕೆ ಮುಂಚೆ ಬೀದಿ, ಬೀದಿಗೆ ಮುಂಚೆ ಷಟರು, ಷಟರಿಗೆ ಮುಂಚೆ ಬಾಣಂತಿ, ಅದಕ್ಕೂ ಮುಂಚೆ ನಿನ್ನ ಅತ್ತೆಗೆ ಕಾಸುವ ಬಿಸಿನೀರು.

"ಷಟರ್ ಬಿಟ್ಟುಬಿಡಬೇಕಾ ಹಾಗಾದ್ರೆ?"

"ಯಾರು ಬಿಡು ಅಂದರು? ಷಟರಿಗೂ ಹೊತ್ತು ಇಡು ಅಂದೆ. ದಿನಾ ಸಿಕ್ಕಿಕೊಳ್ಳುತ್ತೆ ಅಂತ ಗೊತ್ತಿದ್ದೂ, ದಿನಾ ಇವತ್ತೇ ಮೊದಲ ಸಲ ಸಿಕ್ಕಿಕೊಂಡ ಹಾಗೆ ಗಾಬರಿ ಬೀಳ್ತೀಯಲ್ಲ."

ಹೊಲಿಗೆಯವಳು ನಕ್ಕುಬಿಟ್ಟಳು.

"ಮತ್ತೆ ಕೊನೆಗೆ ಸ್ವಲ್ಪ ಖಾಲಿ ಹೊತ್ತು ಇಟ್ಕೋ. ಅದನ್ನ ತುಂಬಿಸೋಕೆ ಹೋಗಬೇಡ," ಎಂದರು ಅಜ್ಜಿ. ಗಾಳಿಯಲ್ಲಿ ಇನ್ನೊಂದು ಹಿಡಿ ಎಳೆದು ಮತ್ತೆ ಹೇಳಿದರು. "ಸಿಗ್ನಲ್ ಮನೇಲಿ ನನಗೆ ಯಾರೂ ಕಾಣ್ತಿರಲಿಲ್ಲ. ಬರೀ ಹಳಿ. ಆದ್ರೆ ಮುಂದಿನ ನಿಲ್ದಾಣದಲ್ಲಿ ಚಳೀಲಿ ಯಾರೋ ನಿಂತಿದ್ದಾರೆ ಅಂತ ಗೊತ್ತಿತ್ತು. ಅವರಿಗೋಸ್ಕರ ಹಿಡಿ ಎಳೀತಿದ್ದೆ."

ಹೊತ್ತು ಪಾಲಿಸುವುದೆಂದರೆ ಗಡಿಯಾರಕ್ಕೆ ಹೆದರುವುದು ಎಂದು ಹೊಲಿಗೆಯವಳು ತಿಳಿದಿದ್ದಳು. ಕಾಣದ ಒಬ್ಬರನ್ನು ಚಳಿಯಲ್ಲಿ ನಿಲ್ಲಿಸದಿರುವುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ತಾನು ಇಷ್ಟು ದಿನ ಮೂಗು ಮುರಿದ ಈ ಊರಿನವರು ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು: ಮಳೆಯಲ್ಲೂ ಹೇಳಿದ ಹೊತ್ತಿಗೆ ಗಂಟೆ ಒತ್ತುವ ಹಾಲಿನವನು, ಹೂವು ಹಿಡಿದು ಬೀದಿಯಾಚೆ ನಿಂತ ಆ ನೆಂಟ, ಬುಟ್ಟಿ ಹಿಡಿದು ಬಾಗಿಲಲ್ಲಿ ತುಟಿಪಿಟಕ್ಕೆನ್ನದೆ ನಿಲ್ಲುವ ಈ ಅಜ್ಜಿ.

"ನಮ್ಮ ಕಡೆಯವರು ದಂಡ, ಅಲ್ವಾ?" ಎಂದಳು ಮೆಲ್ಲಗೆ.

ಅಜ್ಜಿ ಎದ್ದು ಬುಟ್ಟಿ ಸೊಂಟಕ್ಕೇರಿಸಿಕೊಂಡರು. "ಹೋದ ಚಳಿಗಾಲ ನನಗೆ ಜ್ವರ ಬಂದಿತ್ತಲ್ಲ. ನನ್ನ ಸ್ನೇಹಿತೆಯರೆಲ್ಲ ಬಂದರು. ಹೇಳಿದ ಹೊತ್ತಿಗೆ ಬಂದು, ಹೇಳಿದ ಹೊತ್ತಿಗೆ ಎದ್ದರು. ಒಳ್ಳೆಯವರೇ. ನೀನು ಐದೇ ನಿಮಿಷ ನೋಡ್ಕೊಂಡು ಹೋಗ್ತೀನಿ ಅಂತ ಬಂದೆ. ಗಂಜಿ ಕಾಸಿದೆ, ತಲೆ ಒರೆಸಿದೆ, ನನ್ನ ಪರದೆಯ ಅಂಚು ಹೊಲಿದೆ, ಕತ್ತಲಾದ ಮೇಲೆ ಎದ್ದೆ. ಒಂದು ಸಲವಾದ್ರೂ ಗಡಿಯಾರ ನೋಡ್ತೀಯೇನೋ ಅಂತ ಮಲಗಿದ್ದಲ್ಲೇ ಗಮನಿಸ್ತಿದ್ದೆ. ನೋಡಲಿಲ್ಲ." ಬಾಗಿಲಲ್ಲಿ ತಿರುಗಿ ನಿಂತರು. "ನಿಮ್ಮ ಐದು ನಿಮಿಷ ಎಷ್ಟು ದೊಡ್ಡದು ಅಂತ ಅವತ್ತು ಗೊತ್ತಾಯ್ತು. ಅದರಲ್ಲಿ ಒಂದಿಷ್ಟು ನಿನ್ನ ಮಗಳಿಗೂ ಕೊಡು."

ಅಂದು ಸಂಜೆಯೇ ಹೊಲಿಗೆಯವಳು ಒಂದು ಕಡೆ ನಿಲ್ಲುವ ಕೆಲಸ ಶುರುಮಾಡಿದಳು. ಅದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಮಗಳ ಪಕ್ಕದಲ್ಲಿ ಕೂತು ಬಟಾಣಿ ಬಿಡಿಸುತ್ತಾ ಬಾಯಿಗೆ ಬೀಗ ಹಾಕಿಕೊಂಡಳು. ಕಾಳು ಒಂದು ಬಟಾಣಿ ಬಾಯಿಗೆ ಹಾಕಿಕೊಂಡು, "ಅಮ್ಮ, ಒಂದು ಮಾತು," ಎನ್ನುವಷ್ಟರಲ್ಲಿ ಬಾಗಿಲು ಬಡಿದ ಸದ್ದು: ಕೋಟಿನ ಗುಂಡಿ ಹಾಕಿಸಲು ಬಂದವನು. ಅವನನ್ನು ಕಳಿಸಿ ಬರುವಷ್ಟರಲ್ಲಿ ಕಾಳು ಬಟಾಣಿ ಮುಗಿಸಿ ಚಿತ್ರ ಬರೆಯುತ್ತಾ ಕೂತಿದ್ದಳು. ಮಾರನೇ ದಿನ ತಲೆ ಬಾಚುವಾಗ ಮತ್ತೆ ಅವಕಾಶ ಮಾಡಿಕೊಟ್ಟಳು. ಬೇಕೆಂದೇ ನಿಧಾನವಾಗಿ ಬಾಚಿದಳು. "ಅಮ್ಮ, ತಡ ಆಗುತ್ತೆ," ಎಂದಳು ಕಾಳು, ಅಷ್ಟೆ.

ಇನ್ನು ಗುಟ್ಟು ಇಟ್ಟುಕೊಂಡರೆ ಆಗದೆಂದು ಬುಧವಾರ ಗಂಡನಿಗೂ ಅತ್ತೆಗೂ ಬೇರೆ ಬೇರೆಯಾಗಿ ಕಿವಿಯಲ್ಲಿ ಹೇಳಿದಳು. ಶುಕ್ರವಾರ ಹೊತ್ತಿಗೆ ಮುಂಚೆ ಶಾಲೆ ತಲುಪಿ ತೋರಿಸಬೇಕು, ನೋಡಿದರೆ ಮಗುವಿಗೆ ಧೈರ್ಯ ಬಂದೀತು, ನೀವೂ ಸ್ವಲ್ಪ ಕೈಜೋಡಿಸಿ ಎಂದಳು.

ಗಂಡನಿಗೆ ಬಿಸ್ಕತ್ತು ಕಾರ್ಖಾನೆಯಲ್ಲಿ ಒಲೆ ನೋಡಿಕೊಳ್ಳುವ ಕೆಲಸ. ಮನೆಯಲ್ಲಿ ಅವನು ತನ್ನ ಕಡೆಯ ಎಲ್ಲ ಗಂಡಸರಂತೆಯೇ, ಸ್ನಾನಕ್ಕೆ ಹೋದರೆ ಹಾಡು ಮುಗಿಯುವವರೆಗೆ ಬರುವವನಲ್ಲ. ಒಲೆಯ ಮುಂದೆ ಮಾತ್ರ ಕಣ್ಣು ಮಿಟುಕಿಸುವವನಲ್ಲ. "ಬಿಸ್ಕತ್ತಿಗೆ ನಮ್ಮ ಕಡೆ, ಅವರ ಕಡೆ ಅಂತ ಇಲ್ಲ ಕಣೇ," ಎನ್ನುತ್ತಿದ್ದ. "ಹೊತ್ತು ಮೀರಿದ್ರೆ ಕರಿ." ಅವನು ಎಲ್ಲ ಕೇಳಿಸಿಕೊಂಡು, ಆಗಲಿ ನೋಡೋಣ, ಎಂದ. ಅತ್ತೆ ಮಾತ್ರ ಆ ಗಡಿಯಾರದ ಮುದುಕಿಗೆ ತಮ್ಮ ಮೊಮ್ಮಗಳನ್ನು ಬಿಟ್ಟುಕೊಡುವುದು ತಮ್ಮ ಜೀವ ಇರುವತನಕ ಆಗದ ಮಾತು ಎಂದರು.

ಅಡುಗೆಮನೆಯ ಗೋಡೆಯಲ್ಲಿ ಒಂದು ದುಂಡು ಗಡಿಯಾರವಿತ್ತು. ಅವರ ಕಡೆಯ ಎಲ್ಲ ಮನೆಗಳ ಗಡಿಯಾರದಂತೆ ಅದೂ ಸ್ವಲ್ಪ ಮುಂದಿತ್ತು. ಮುಂದಿಟ್ಟರೆ ಬೇಗ ಹೊರಡುತ್ತೇವೆ ಎಂಬ ಲೆಕ್ಕ. ಮುಂದಿದೆ ಎಂದು ಮನೆಯವರಿಗೆಲ್ಲ ಗೊತ್ತಿದ್ದರಿಂದ ಅದನ್ನು ಯಾರೂ ನಂಬುತ್ತಿರಲಿಲ್ಲ; ನೋಡಿದವರೆಲ್ಲ ಮನಸ್ಸಿನಲ್ಲೇ ಕಳೆದು ಇನ್ನೂ ಹೊತ್ತಿದೆ ಎಂದು ಕೂರುತ್ತಿದ್ದರು. ಗುರುವಾರ ರಾತ್ರಿ ಪಾತ್ರೆ ತೊಳೆದಾದ ಮೇಲೆ ಹೊಲಿಗೆಯವಳು ಸ್ಟೂಲು ಹತ್ತಿ, ಯಾರಿಗೂ ಹೇಳದೆ, ಮುಳ್ಳನ್ನು ಇನ್ನಷ್ಟು ಮುಂದಕ್ಕೆ ತಿರುಗಿಸಿದಳು. ಅಜ್ಜಿ ಹೇಳಿದ ಖಾಲಿ ಹೊತ್ತು ಇದೇ ಇರಬೇಕು ಎಂದುಕೊಂಡಳು.

ಶುಕ್ರವಾರ ಎಚ್ಚರವಾಗಿ ಅಡುಗೆಮನೆಗೆ ಬಂದು ಗಡಿಯಾರ ನೋಡಿದಳು. ತಾನು ತಿರುಗಿಸಿದ್ದನ್ನು ಕಳೆದರೂ ಹೊತ್ತು ಮೀರಿತ್ತು. ಕಿಟಕಿಯಾಚೆ ಇನ್ನೂ ಮಸುಕಾಗಿತ್ತು, ಮೋಡವಿರಬೇಕು. ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಅತ್ತೆಗೆ ನೀರು ಕಾಸಿದಳು, ಬುತ್ತಿ ಕಟ್ಟಿದಳು, ಮಗಳನ್ನು ಎಬ್ಬಿಸಿದಳು. ವಿಚಿತ್ರವೆಂದರೆ ಮನೆಯಲ್ಲಿ ಅಂದು ಯಾರೂ ಗೊಣಗಲಿಲ್ಲ. ಅತ್ತೆ ನೀರು ಸಾಕಷ್ಟು ಬಿಸಿಯಿಲ್ಲ ಎನ್ನಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ಗಂಡ ತಾನೇ ಮಗಳ ಬೂಟಿನ ದಾರ ಕಟ್ಟಿದ. ಕಾಳು ಹಾಲನ್ನು ಒಂದೇ ಗುಟುಕಿಗೆ ಕುಡಿದಳು. ಎಲ್ಲರ ಮುಖದಲ್ಲೂ ಏನೋ ಗುಟ್ಟು ಮಾಡಿದವರ ಕಳೆ.

ಬಾಣಂತಿಯ ಬಾಗಿಲು ಮುಚ್ಚಿತ್ತು. ಹೂವಿನ ಅಂಗಡಿಯ ಷಟರು ಪೂರ್ತಿ ಕೆಳಗಿತ್ತು, ಅಂಗಡಿಯವಳ ಸುಳಿವಿಲ್ಲ. ಹೊಲಿಗೆಯವಳು ನಿಂತು ಎರಡೂ ಕಡೆ ನೋಡಿದಳು. ಬೀದಿಯಲ್ಲಿ ನರಪಿಳ್ಳೆಯಿಲ್ಲ. ದೂರದಲ್ಲಿ ಕಸ ಗುಡಿಸುವವನ ಪೊರಕೆಯ ಸದ್ದು ಮಾತ್ರ. ಶಾಲೆ ಮುಟ್ಟಿದಾಗ ಗೇಟಿಗೆ ಬೀಗ. ಗೇಟಿನ ಮೇಲಿನ ದೊಡ್ಡ ಗಡಿಯಾರವನ್ನು ನೋಡಿ ಅವಳು ಕಣ್ಣುಜ್ಜಿಕೊಂಡಳು.

"ಕಾಳು, ಅದು ನಿಂತುಹೋಗಿದೆಯಾ?"

"ಇಲ್ಲಮ್ಮ. ಅದು ಯಾವತ್ತೂ ನಿಲ್ಲಲ್ಲ."

ಶಾಲೆ ತೆಗೆಯಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಗೇಟಿನ ಪಕ್ಕದ ಬೆಂಚಿನ ಮೇಲೆ ಹೊಲಿಗೆಯವಳು ಕುಸಿದು ಕೂತಳು. ಕಾಳು ಪಕ್ಕದಲ್ಲಿ ಕೂತು ಬೂಟಿನ ತುದಿ ನೋಡತೊಡಗಿದಳು. ಕಿವಿ ಕೆಂಪಗಾಗಿತ್ತು.

"ಅಮ್ಮ, ಬೈಯಲ್ಲ ಅಂದ್ರೆ ಹೇಳ್ತೀನಿ. ನಿನ್ನೆ ನಾನು ಗಡಿಯಾರ ಸ್ವಲ್ಪ ಮುಂದೆ ಇಟ್ಟೆ."

"ನೀನಾ? ನಾನೂ ಇಟ್ಟೆ ಕಣೇ."

ಕಾಳು ತಲೆ ಎತ್ತಿದಳು. "ಮಧ್ಯಾಹ್ನ ಶಾಲೆಯಿಂದ ಬಂದಾಗ ನಮ್ಮಜ್ಜಿ ಸ್ಟೂಲ್ ಹತ್ತಿದ್ದರು. ಏನಜ್ಜಿ ಅಂದ್ರೆ, ಜೇಡರಬಲೆ ತೆಗೀತಿದ್ದೀನಿ, ಹೋಗು ಅಂದರು." ಸ್ವಲ್ಪ ಯೋಚಿಸಿ ಮತ್ತೆ ಹೇಳಿದಳು. "ಅಪ್ಪ ಡ್ಯೂಟಿಗೆ ಹೋಗೋ ಮುಂಚೆ ಗಡಿಯಾರ ಕೆಳಗಿಳಿಸಿ ಧೂಳು ಒರೆಸ್ತಿದ್ದರು."

"ನಿಮ್ಮಪ್ಪ? ಧೂಳು?"

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಲ್ಕು ಜನ, ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ, ಒಂದೇ ಗಡಿಯಾರವನ್ನು ತಳ್ಳಿದ್ದರು. ಮೊದಲು ಕಾಳು ನಕ್ಕಳು, ಆಮೇಲೆ ಹೊಲಿಗೆಯವಳು. ಖಾಲಿ ಬೀದಿಯಲ್ಲಿ ನಗು ಅತ್ತಿಂದಿತ್ತ ಬಡಿದು ವಾಪಸು ಬಂತು. ನಕ್ಕು ನಕ್ಕು ಹೊಲಿಗೆಯವಳ ಕಣ್ಣಲ್ಲಿ ನೀರು ಬಂತು. ಪೂರ್ತಿ ನಗುವಿನಿಂದಲೇ ಬಂದದ್ದಲ್ಲ ಅದು. ತನ್ನ ಕಡೆಯವರ ಪ್ರೀತಿ ಹೀಗೆಯೇ, ಹೇಳುವುದಿಲ್ಲ, ಕದ್ದು ಸ್ಟೂಲು ಹತ್ತುತ್ತದೆ.

ಕಾಳು ಯಾಕೆ ತಿರುಗಿಸಿದಳೆಂದು ಕೇಳಲು ಅವಳ ನಾಲಿಗೆ ತುದಿಗೆ ಬಂತು. ಕೇಳಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಕೂತಳು. ಹೊಲಿಯಲು ಬಟ್ಟೆಯಿಲ್ಲ, ಬಿಡಿಸಲು ಬಟಾಣಿಯಿಲ್ಲ, ಮಾತಾಡಿಸಲು ಒಂದು ನರಪ್ರಾಣಿ ಇಲ್ಲ. ಅವಳ ಬದುಕಿನಲ್ಲಿ ಇಷ್ಟು ಹೊತ್ತು ಖಾಲಿಯಾಗಿ ಮುಂದೆ ಬಂದು ಕೂತದ್ದು ಇದೇ ಮೊದಲು. ಮೊದಮೊದಲು ಅದು ಕಚಗುಳಿ ಇಟ್ಟಂತಿತ್ತು. ಆಮೇಲೆ ಮೆಲ್ಲಗೆ ಹಿಡಿಸಿತು. ಎದುರಿನ ಮನೆಯ ಕಿಟಕಿಯಲ್ಲಿ ದೀಪ ಹೊತ್ತಿತು. ಒಂದು ಬೆಕ್ಕು ಗೋಡೆಯ ಮೇಲೆ ಆ ತುದಿಯಿಂದ ಈ ತುದಿಯವರೆಗೆ ನಡೆದು ಬಂದು, ಇವರನ್ನು ನೋಡಿ, ಏನೂ ಅವಸರವಿಲ್ಲದೆ ಹಿಂದಿರುಗಿತು. ಈ ಊರಿನವರು ಬೀದಿಯಾಚೆ ನಿಂತು ಕಾಯುವಾಗ ಇದನ್ನೆಲ್ಲ ನೋಡುತ್ತಿರುತ್ತಾರೆ ಎಂದು ಅವಳಿಗೆ ಹೊಳೆಯಿತು. ಎಂಥ ಭಾಗ್ಯವಂತರು.

ಕಾಳು ಕಾಲಾಡಿಸುತ್ತಾ ಏನೇನೋ ಹೇಳಿದಳು. ತರಗತಿಯ ಹೊರಗಿನ ಬೆಂಚಿನ ಬಲತುದಿಯಲ್ಲಿ ಕೂರುವ ಹುಡುಗನಿಗೆ ಮುಂದಿನ ಹಲ್ಲು ಬಿದ್ದಿದ್ದು, ಟೀಚರ್ ಬರೆಯುವಾಗ ನಾಲಿಗೆ ಹೊರಗೆ ಹಾಕುವುದು, ತನಗೆ ಕನಸಿನಲ್ಲಿ ಮೆಟ್ಟಿಲು ಮುಗಿಯದೇ ಇರುವುದು. ಆ ಕನಸಿನ ವಿಷಯ ಹೊಲಿಗೆಯವಳು ಇಷ್ಟು ದಿನ ಕೇಳಿರಲೇ ಇಲ್ಲ. ಒಮ್ಮೆ ಮಾತು ನಿಂತು, ಮಗಳ ಉಸಿರು ಒಳಗೆ ಹೋಗಿ ಹಾಗೇ ಉಳಿಯಿತು. ಈಗ, ಎಂದುಕೊಂಡಳು ಹೊಲಿಗೆಯವಳು. ಉಸಿರು ಹೊರಗೆ ಬಂತು, ಮಾತು ಬರಲಿಲ್ಲ. ಅವಳು ಕೈಗಳನ್ನು ಇನ್ನೂ ಒತ್ತಿ ಕೂತಳು.

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಕೀಲಿಗೊಂಚಲಿನ ಸದ್ದಾಯಿತು. ಗೇಟಿನವನು. ಪಕ್ಕದ ಚಿಕ್ಕ ಬಾಗಿಲಿನ ಬೀಗ ತೆಗೆದು ತನ್ನ ಪುಟ್ಟ ಕೋಣೆಗೆ ಹೋಗಿ, ಹಿತ್ತಾಳೆಯ ಗಂಟೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬಂದ. ಗಂಟೆಯ ನಾಲಿಗೆ ಅಲ್ಲಾಡದಂತೆ ಒಳಗೆ ಬೆರಳಿಟ್ಟಿದ್ದ. ಈ ವಾರದ ಮಗುವಿಗಾಗಿ ಅತ್ತಿತ್ತ ನೋಡಿದವನಿಗೆ ಬೆಂಚಿನ ಮೇಲೆ ಇವರಿಬ್ಬರು ಕಂಡರು. ದಿನವೂ ಚಿಕ್ಕ ಬಾಗಿಲು ತೆಗೆದುಕೊಟ್ಟವನಿಗೆ ಇವರ ಗುರುತು ಸಿಗದೆ ಇದ್ದೀತೇ. ಅವನ ಹುಬ್ಬು ಹಣೆಯ ಮೇಲಕ್ಕೆ ಹೋಯಿತು.

"ಏನಮ್ಮ, ಇವತ್ತು ಸೂರ್ಯನಿಗಿಂತ ಮುಂಚೆ?" ಎಂದು ನಕ್ಕ. ಮೂರು ವರ್ಷದಲ್ಲಿ ಅವನು ಇವರ ಹತ್ತಿರ ಆಡಿದ ಮೊದಲ ಮಾತು ಅದು. ಅವನಿಗೂ ಅಂದು ಮಾತಾಡುವ ಹುಮ್ಮಸ್ಸು ಬಂದಂತಿತ್ತು. ಚಳಿ ಜಾಸ್ತಿಯಾಯಿತು ನೋಡಿ, ನಮ್ಮ ಮನೆಯಲ್ಲೂ ಒಬ್ಬಳು ಮೊಮ್ಮಗಳಿದ್ದಾಳೆ, ಎಂದು ಶುರುಮಾಡಿದ. ಬೇರೆ ದಿನವಾಗಿದ್ದರೆ ಹೊಲಿಗೆಯವಳು ಆ ಮೊಮ್ಮಗಳ ಹೆಸರು, ಹಲ್ಲು, ಹಟ, ಎಲ್ಲ ಕೇಳಿ ತಿಳಿಯದೆ ಅಲ್ಲಿಂದ ಕದಲುತ್ತಿರಲಿಲ್ಲ. ಈಗಲೂ ಅವಳ ಮುಖ ತಾನಾಗಿ ಅವನತ್ತ ತಿರುಗಿತ್ತು. ಆದರೆ ಕಣ್ಣಂಚಿನಲ್ಲಿ ಮಗಳು ಬೆಂಚಿನಿಂದ ಇಳಿದು ನಿಂತದ್ದು ಕಂಡಿತು. ಮಗಳ ಕಣ್ಣು ಗಂಟೆಯ ಮೇಲಿತ್ತು. ಬಾಯಿ ಅರ್ಧ ತೆರೆದಿತ್ತು.

"ಒಂದೇ ನಿಮಿಷ, ಅಣ್ಣ," ಎಂದಳು ಹೊಲಿಗೆಯವಳು ಗೇಟಿನವನಿಗೆ. "ಆಮೇಲೆ ಕೇಳ್ತೀನಿ."

ಅವಳು ಮಗಳ ಮುಂದೆ ಮೊಣಕಾಲೂರಿ ಕೂತು, ಆ ಪುಟ್ಟ ಮುಖವನ್ನೇ ನೋಡಿದಳು. ಏನೂ ಕೇಳಲಿಲ್ಲ, ಕೂದಲು ಸರಿ ಮಾಡಲಿಲ್ಲ, ಕಾಲರು ಎಳೆಯಲಿಲ್ಲ. ಗೇಟಿನವನು ಗಂಟೆ ಹಿಡಿದು ಸುಮ್ಮನೆ ನಿಂತ. ಕಾಯುವುದು ಅವನಿಗೆ ಗೊತ್ತಿದ್ದ ಕೆಲಸ.

ಕಾಳು ಉಸಿರೆಳೆದುಕೊಂಡಳು.

"ಅಮ್ಮ, ಸೋಮವಾರದಿಂದ ಆ ಗಂಟೆ ನಂದು. ಕೆಳಗಿನ ಮನೆ ಅಜ್ಜಿ ಕರ್ಕೊಂಡು ಬರ್ತೀನಿ ಅಂದಿದ್ದಾರೆ." ಒಂದು ಗಳಿಗೆ ನಿಂತು, ಅಮ್ಮ ಇನ್ನೂ ಅಲ್ಲೇ ಇದ್ದಾಳೆ ಎಂದು ಖಾತ್ರಿ ಮಾಡಿಕೊಂಡಳು. "ಆದ್ರೆ… ನೀನೇ ಕರ್ಕೊಂಡು ಬರ್ತೀಯಾ?"